ಮನೆಮಾತಿನಲ್ಲಿ ಹೆಸರಿಲ್ಲದ ಬೇನೆ

ಹೊಸ್ತಿಲಿನಾಚೆ ಮರಾಠಿ, ಹೊಸ್ತಿಲಿನೊಳಗೆ ಕನ್ನಡ: ಸೊಲ್ಲಾಪುರದ ನಮ್ಮಂಥ ಮನೆಗಳಲ್ಲಿ ಇದು ಅಜ್ಜನ ಕಾಲದಿಂದ ನಡೆದುಬಂದ ಕಟ್ಟಳೆ. ಮರಾಠಿಯನ್ನು ನಾವು ಪರಕೀಯವೆಂದು ಎಂದೂ ಎಣಿಸಿದವರಲ್ಲ. ಅದು ನಮ್ಮ ಅನ್ನದ ಭಾಷೆ. ಆದರೆ ತೊಟ್ಟಿಲು ತೂಗಿದ್ದು, ದೇವರ ಮುಂದೆ ದೀಪ ಹಚ್ಚಿದ್ದು, ಸಂಕ್ರಾಂತಿಯ ದಿನ ಸಿದ್ಧರಾಮೇಶ್ವರನ ನಂದಿಧ್ವಜಗಳಿಗೆ ಕೈಮುಗಿದದ್ದು, ಮಕ್ಕಳನ್ನು ಬೈದದ್ದು, ಮುದ್ದಾಡಿದ್ದು ಎಲ್ಲವೂ ಕನ್ನಡದಲ್ಲಿಯೇ. ಮನೆಮಾತನ್ನು ಉಳಿಸಿಕೊಂಡವರು ಎಂದು ನಾಲ್ಕು ಜನರೆದುರು ಹೇಳಿಕೊಳ್ಳುವಾಗ ನಮ್ಮ ಎದೆ ತುಸು ಉಬ್ಬುತ್ತಿದ್ದುದೂ ಸುಳ್ಳಲ್ಲ. ಆ ಅಭಿಮಾನದಲ್ಲಿ ಒಂದು ದೊಡ್ಡ ತೂತಿದೆಯೆಂಬುದು ಕೆಲವು ವರ್ಷಗಳ ಹಿಂದೆ ಒಂದು ಸರಕಾರಿ ದವಾಖಾನೆಯ ಬಾಕಿನ ಮೇಲೆ ಕುಳಿತಾಗ ನಮಗೆ ತಿಳಿಯಿತು. ಅದನ್ನು ಇಲ್ಲಿ ತೋಡಿಕೊಳ್ಳಬೇಕೆಂದಿದ್ದೇವೆ.

ಅಡುಗೆಮನೆಯ ಮಾಡದಲ್ಲಿ ಇರುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ನಾವು ದಂಪತಿಗಳೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆವು. ಆದರೆ ಅಡುಗೆಮನೆಯವರೆಗೆ ಬಾರದ ಮಾತು ಮಕ್ಕಳವರೆಗೆ ಬರುವುದಾದರೂ ಹೇಗೆ? ಇನ್ನು, ಈ ಕಥೆಯಲ್ಲಿ ಬರುವ ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ನಮ್ಮನ್ನು ಕಾಕಾ, ಕಾಕು ಎಂದು ಕರೆಯುವ ಮಕ್ಕಳು ನಮ್ಮ ಬಂಧುಬಳಗದಲ್ಲಿ ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಇವನು ಯಾರೆಂಬುದನ್ನು ವಾಚಕರು ಊಹಿಸಲು ಹೋಗಬಾರದಾಗಿ ಬೇಡಿಕೊಳ್ಳುತ್ತೇವೆ.

ಅವನು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯವನು. ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಐ.ಟಿ.ಐ. ಶಿಕ್ಷಣಕ್ಕೆಂದು ನಗರಕ್ಕೆ ಬಂದು ನಮ್ಮಲ್ಲಿಯೇ ಇದ್ದ. ಆಗ ಅವನಿಗೆ ಹತ್ತೊಂಬತ್ತು. ನಾಲ್ಕು ಭಕ್ಕರಿ ಶೇಂಗಾ ಹಿಂಡಿಯೊಡನೆ ಉಂಡು, ಮತ್ತೆ "ಕಾಕು, ಮಜ್ಜಿಗಿ ಅದ ಏನು?" ಎಂದು ಕೇಳುತ್ತಿದ್ದ ಹುಡುಗ, ಒಂದು ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರತೊಡಗಿದ. ಮಜ್ಜಿಗೆಯನ್ನು ಮುಟ್ಟಲೊಲ್ಲ. ರಾತ್ರಿ ಮೂರು ಮೂರು ಸಲ ಎದ್ದು ಬಚ್ಚಲಿಗೆ ಹೋಗುವನು. ತನ್ನ ಬಟ್ಟೆಗಳನ್ನು ನಸುಕಿನಲ್ಲೆದ್ದು ತಾನೇ ಒಗೆದು ಹಾಕುವನು. ಹುಡುಗ ಸ್ವಾವಲಂಬಿಯಾದನೆಂದು ನಾವು ಸಂತೋಷಪಟ್ಟೆವು. ತಿಳಿಗೇಡಿತನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ತಿಂಗಳಾದ ಮೇಲೆ, ಅವನ ಫೀ ಇನ್ನೂ ಕಟ್ಟಿಲ್ಲವೆಂಬ ಸುದ್ದಿ ಬಂತು. ಅದೇ ದಿನ ಕಸ ಗುಡಿಸುವಾಗ ಅವನ ಟ್ರಂಕಿನ ಹಿಂದೆ ಒಂದು ಸೀಸೆಯೂ ಹೆಸರಿಲ್ಲದ ಪುಡಿಯ ಪೊಟ್ಟಣಗಳೂ ಸಿಕ್ಕವು. ಸಂಜೆ ಅವನನ್ನು ಎದುರಿಗೆ ಕೂರಿಸಿಕೊಂಡೆವು.

"ಏನಾಗೇದೋ ತಮ್ಮಾ?"

"ಏನೂ ಇಲ್ಲ ಕಾಕಾ."

"ಫೀಯ ರೊಕ್ಕ ಎಲ್ಲಿ?"

ಬಹಳ ಹೊತ್ತಿನ ಮೇಲೆ, ನೆಲವನ್ನು ನೋಡುತ್ತ ಅವನಾಡಿದ್ದು ಒಂದೇ ಶಬ್ದ: "ಗುಪ್ತರೋಗ."

ಆ ಶಬ್ದವನ್ನು ಅವನಿಗೆ ಕಲಿಸಿದವರು ನಾವಲ್ಲ, ಶಾಲೆಯೂ ಅಲ್ಲ. ಬಸ್ಸು ನಿಲ್ದಾಣದ ಮೂತ್ರಾಲಯದ ಗೋಡೆ ಕಲಿಸಿತ್ತು. ಅಲ್ಲಿ ಅಂಟಿಸಿದ್ದ ಭಿತ್ತಿಪತ್ರದ ವಿಳಾಸ ಹಿಡಿದು ಅವನು ಒಬ್ಬ 'ವೈದ್ಯ'ನ ಬಳಿ ಹೋಗಿದ್ದ. ಆ ಪುಣ್ಯಾತ್ಮ ಮೈಮುಟ್ಟಿ ನೋಡಲಿಲ್ಲ, ರಕ್ತ ಪರೀಕ್ಷಿಸಲಿಲ್ಲ. "ಧಾತು ಕರಗಿ ಹೊರಟದ, ಮುಂದ ಮದಿವಿಗೆ ಕೆಲಸಕ್ಕ ಬರಂಗಿಲ್ಲ" ಎಂದು ಹೆದರಿಸಿ, ಮಜ್ಜಿಗೆ ಹುಳಿ ವರ್ಜ್ಯವೆಂದು ಹೇಳಿ, ಮೂರು ಭೇಟಿಗಳಲ್ಲಿ ನಾಲ್ಕೂವರೆ ಸಾವಿರ ರೂಪಾಯಿ ಕಸಿದುಕೊಂಡಿದ್ದ. ಬೇನೆ ಮಾತ್ರ ಇದ್ದಲ್ಲಿಯೇ ಇತ್ತು. ಇಂಥ ರೋಗಗಳನ್ನು ವಾಸಿ ಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಕಾಯಿದೆ ಪುಸ್ತಕದಲ್ಲಿ ಉಳಿಯಿತು, ಭಿತ್ತಿಪತ್ರ ಗೋಡೆಯ ಮೇಲೆ ಉಳಿಯಿತು. ಎಳೆಯರು ಓದುವುದು ಗೋಡೆಯನ್ನೇ.

ನಮ್ಮ ಮೊದಲ ಪ್ರತಿಕ್ರಿಯೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನಮ್ಮಿಬ್ಬರಲ್ಲಿ ಕಾಕಾ ಎನಿಸಿಕೊಂಡವರು ಸಿಟ್ಟಿನಿಂದ ಎದ್ದು, ನಾಳೆಯ ಮೊದಲ ಬಸ್ಸಿಗೆ ಇವನನ್ನು ಊರಿಗೆ ಅಟ್ಟುವುದೇ ಸರಿ ಎಂದರು. ಕಾಕು ಎನಿಸಿಕೊಂಡವರು ಬಾಗಿಲಿಗೆ ಅಡ್ಡ ನಿಂತು, "ಊರಿಗೆ ಕಳಿಸಿದರ ಬ್ಯಾನಿ ಊರಿಗೆ ಹೋಗ್ತದ, ವಾಸಿ ಆಗಂಗಿಲ್ಲ" ಎಂದರು. ಆ ಮಾತಿನ ಹಿಂದೆ ನಮ್ಮಿಬ್ಬರಿಗೂ ಗೊತ್ತಿದ್ದ ಒಂದು ಹಳೆಯ ಸಂಗತಿ ಇತ್ತು.

1998ರಲ್ಲಿ ನಮ್ಮ ಬಳಗದ ಒಬ್ಬ ತರುಣ ತೀರಿಕೊಂಡ. ಲಾರಿ ನಡೆಸುತ್ತಿದ್ದ, ಹಾಡುತ್ತಿದ್ದ, ಯಾರ ಮದುವೆಯಾದರೂ ಚಪ್ಪರ ಹಾಕಲು ಮುಂದೆ ಬರುತ್ತಿದ್ದ. ಒಣಗಿ ಕಟ್ಟಿಗೆಯಾಗಿ ಸತ್ತವನಿಗೆ ಕಾಮಾಲೆಯಾಗಿತ್ತು ಎಂದು ಊರಿಗೆಲ್ಲ ಹೇಳಿದೆವು. ಎರಡು ವರ್ಷಕ್ಕೆ ಅವನ ಹೆಂಡತಿಯೂ ಅದೇ 'ಕಾಮಾಲೆ'ಯಿಂದ ಹೋದಳು. ಅವಳಿಗೆ ಇಪ್ಪತ್ತಮೂರು. ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕನ್ನು ಮದ್ರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರು 1986ರಲ್ಲಿಯೇ ಪತ್ತೆ ಹಚ್ಚಿದ್ದರು. ಹನ್ನೆರಡು ವರ್ಷವಾದರೂ ನಮ್ಮ ಮನೆಗೆ ಆ ಹೆಸರು ಪ್ರವೇಶಿಸಿರಲಿಲ್ಲ. ಉಚಿತ ಔಷಧೋಪಚಾರ ದೇಶದಲ್ಲಿ ಆರಂಭವಾದದ್ದು 2004ರ ಏಪ್ರಿಲಿನಲ್ಲಿ, ಆದ್ದರಿಂದ ಗಂಡನನ್ನು ಉಳಿಸಲಾಗುತ್ತಿರಲಿಲ್ಲವೇನೋ. ಆದರೆ ಹೆಂಡತಿಗೆ ಯಾರಾದರೂ ಸಮಯಕ್ಕೆ ಒಂದು ಮಾತು ಹೇಳಿದ್ದರೆ? ಅವಳನ್ನು ಕೊಂದದ್ದು ಸೋಂಕೋ, ನಾವು ಕಟ್ಟಿದ ಕಾಮಾಲೆಯ ಕಥೆಯೋ ಎಂಬ ಪ್ರಶ್ನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಕೂಡಿಯೇ ಸರಕಾರಿ ದವಾಖಾನೆಗೆ ಹೋದೆವು. ಅಲ್ಲಿ ಇಂಥ ಬೇನೆಗಳಿಗೆಂದೇ ಒಂದು ವಿಭಾಗ ಇರುತ್ತದೆ, 'ಸುರಕ್ಷಾ ಕ್ಲಿನಿಕ್' ಎಂದು ಅದರ ಹೆಸರು. ತರುಣ ವೈದ್ಯರು ಮೃದುವಾಗಿ ಮರಾಠಿಯಲ್ಲಿ ಪ್ರಶ್ನೆ ಕೇಳತೊಡಗಿದರು. ಹುಡುಗನಿಗೆ ಪೇಟೆಯ ಮರಾಠಿ ಬರುತ್ತದೆ, ಮೈಯ ಮರಾಠಿ ಬಾರದು. ಅವನು ನಮ್ಮ ಮುಖ ನೋಡಿದ. ವೈದ್ಯರೂ ನಮ್ಮ ಕಡೆ ತಿರುಗಿ, "ನೀವು ಕನ್ನಡದಲ್ಲಿ ಕೇಳಿ ಹೇಳಿರಿ" ಎಂದರು.

ನಮ್ಮಿಬ್ಬರಲ್ಲಿ ಒಬ್ಬರು ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರರು. ಎಷ್ಟೋ ಸಭೆಗಳಲ್ಲಿ ಮರಾಠಿ ಭಾಷಣಗಳನ್ನು ನಿಂತ ನಿಲುವಿನಲ್ಲೇ ಕನ್ನಡಕ್ಕೆ ತಿರುಗಿಸಿದವರು. ಅಂದು ಅವರ ನಾಲಿಗೆ ಒಣಗಿತು. ನೆನಪಿಗೆ ಬಂದ ಶಬ್ದಗಳು ಎರಡೇ ಜಾತಿಯವು: ಒಂದು ಜಗಳದಲ್ಲಿ ಕೇಳಿದ ಬೈಗುಳು, ಇನ್ನೊಂದು ನಿಘಂಟಿನಲ್ಲಿ ಕಂಡ ಸಂಸ್ಕೃತ. ಮೊದಲನೆಯದನ್ನು ಮಗುವಿನೆದುರು ಆಡುವಂತಿಲ್ಲ. ಎರಡನೆಯದು ಅವನಿಗೆ ಅರ್ಥವಾಗುವಂತಿಲ್ಲ. ಮನೆಮಾತನ್ನು ಉಳಿಸಿಕೊಂಡವರೆಂಬ ನಮ್ಮ ಬಿಂಕ ಆ ಬಾಕಿನ ಮೇಲೆ ಮುರಿದುಬಿತ್ತು.

ಆಗ ಮೂಲೆಯಲ್ಲಿ ಕಾಗದ ಜೋಡಿಸುತ್ತಿದ್ದ ಹಿರಿಯ ನರ್ಸಮ್ಮ ತಿರುಗಿ ನೋಡಿದರು. ಅವರ ತವರು ವಿಜಯಪುರದ ಕಡೆಯಂತೆ. ಹತ್ತಿರ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಒಂದಕ್ಕ ಹೋದಾಗ ಉರೀತದೇನೋ ತಮ್ಮಾ? ಕೀವಿನಂಗ ಬರ್ತದೇನು? ಗಾಯ, ಗುಳ್ಳಿ ಏನರ ಅದಾವೇನು?" ಮೂರೇ ವಾಕ್ಯ. ನಮ್ಮ ತಾಯಂದಿರು ಆಡಿದ ಮಾತುಗಳೇ. ಅಶ್ಲೀಲವೂ ಇಲ್ಲ, ಪಾಂಡಿತ್ಯವೂ ಇಲ್ಲ. ಹುಡುಗನ ಕಣ್ಣಲ್ಲಿ ನೀರು ಬಂತು, ಬಾಯಿಂದ ಉತ್ತರವೂ ಬಂತು. ಶಬ್ದಗಳು ಇರಲಿಲ್ಲವೆಂದಲ್ಲ, ಆಡುವ ಧೈರ್ಯ ನಮ್ಮಲ್ಲಿರಲಿಲ್ಲ.

ಪರೀಕ್ಷೆಯಾಯಿತು. ಅದು ಗೊನೊರಿಯಾ ಎಂಬ ರೋಗ. ಒಂದು ಸೂಕ್ಷ್ಮ ಜೀವಿಯಿಂದ ಬರುವಂಥದು. ಜರ್ಮನಿಯ ನೈಸರ್ ಎಂಬ ವೈದ್ಯ 1879ರಲ್ಲಿಯೇ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನಂತೆ. ಗಂಡಸರಲ್ಲಿ ಸಾಮಾನ್ಯವಾಗಿ ಸಂಪರ್ಕವಾದ ವಾರದೊಳಗೆ ಉರಿಮೂತ್ರ, ಕೀವು ಕಾಣಿಸುತ್ತವೆ. ಇದಕ್ಕೂ 'ಧಾತು'ವಿಗೂ ಸಂಬಂಧವೇ ಇಲ್ಲ. ಹರೆಯದ ಹುಡುಗರಿಗೆ ನಿದ್ದೆಯಲ್ಲಿ ಆಗುವ ಸ್ಖಲನ ರೋಗವೇ ಅಲ್ಲವೆಂದೂ, ಅದನ್ನು ರೋಗವೆಂದು ಹೆದರಿಸಿ ಹಣ ಸುಲಿಯುವವರೇ ನಿಜವಾದ ರೋಗವನ್ನು ಬೆಳೆಯಗೊಡುತ್ತಾರೆಂದೂ ವೈದ್ಯರು ಹೇಳಿದರು. ಅವರು ಕೊಟ್ಟದ್ದು ಒಂದು ಬೂದು ಬಣ್ಣದ ಪೊಟ್ಟಣ. ಸುರಕ್ಷಾ ಕ್ಲಿನಿಕ್ಕಿನಲ್ಲಿ ಒಂದೊಂದು ಬಗೆಯ ಲಕ್ಷಣಕ್ಕೆ ಒಂದೊಂದು ಬಣ್ಣದ ಔಷಧ ಪೊಟ್ಟಣವನ್ನು ಗೊತ್ತುಮಾಡಿದ್ದಾರೆ. ಅದಕ್ಕೆ ಒಂದು ಪೈಸೆಯೂ ತಗಲಲಿಲ್ಲ. ನಾಲ್ಕೂವರೆ ಸಾವಿರಕ್ಕೆ ವಾಸಿಯಾಗದ್ದು ಒಂದು ವಾರದಲ್ಲಿ ವಾಸಿಯಾಯಿತು. ಆದರೆ ಅಂಗಡಿಯಿಂದ ತಾವೇ ಗುಳಿಗೆ ಕೊಂಡು ಅರ್ಧಂಬರ್ಧ ನುಂಗುವವರ ದೆಸೆಯಿಂದ ಈ ಜೀವಿ ಒಂದೊಂದೇ ಔಷಧಕ್ಕೆ ಬಗ್ಗದಂತಾಗುತ್ತಿದೆಯೆಂದು ಎಚ್ಚರಿಸುವುದನ್ನು ವೈದ್ಯರು ಮರೆಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ರೋಗ ಬಂದ ದಾರಿಯಲ್ಲಿ ಇನ್ನೊಂದೂ ಬಂದಿರಬಹುದಾದ್ದರಿಂದ ಎಚ್.ಐ.ವಿ. ಮತ್ತು ಸಿಫಿಲಿಸ್ ರಕ್ತಪರೀಕ್ಷೆಗಳನ್ನೂ ಮಾಡಿದರು. ಸಿಫಿಲಿಸ್ ಬಹಳ ಕಪಟದ ಬೇನೆ. ನೋವಿಲ್ಲದ ಒಂದು ಹುಣ್ಣಾಗಿ ಬಂದು, ಔಷಧವಿಲ್ಲದೆ ತಾನೇ ಮಾಯುತ್ತದೆ. ವಾಸಿಯಾಯಿತೆಂದು ನಂಬಿದವನ ಮೈಯಲ್ಲಿ ಅಡಗಿ ಕುಳಿತು ವರ್ಷಗಳ ಮೇಲೆ ಹೃದಯವನ್ನೂ ಮೆದುಳನ್ನೂ ಕೆಡಿಸುತ್ತದೆ. ತಾಯಿಯಿಂದ ಗರ್ಭದ ಕೂಸಿಗೂ ದಾಟುತ್ತದೆ. 1943ರಲ್ಲಿ ಪೆನಿಸಿಲಿನ್ ಇದಕ್ಕೆ ಮದ್ದೆಂದು ಗೊತ್ತಾಯಿತು, ಇಂದಿಗೂ ಅದೇ ಮದ್ದು. ಎಚ್.ಐ.ವಿ.ಯ ಮಾತು ಬೇರೆ. ಸೋಂಕು ತಗಲಿದ ಹೊಸತರಲ್ಲಿ ಪರೀಕ್ಷೆಯಲ್ಲಿ ಕಾಣಿಸದೆಯೂ ಇರಬಹುದಾದ್ದರಿಂದ ಮೂರು ತಿಂಗಳ ಮೇಲೆ ಮತ್ತೊಮ್ಮೆ ಬರಬೇಕೆಂದರು. ಪರೀಕ್ಷೆಗೆ ಮೊದಲೂ ಆಮೇಲೂ ಒಬ್ಬ ಸಮಾಲೋಚಕರು ಅವನನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿದರು. ನಮ್ಮನ್ನು ಒಳಗೆ ಬಿಡಲಿಲ್ಲ. ಆ ಕ್ಷಣಕ್ಕೆ ನಮಗೆ ಅವಮಾನವೆನಿಸಿತು, ಆಮೇಲೆ ಅದು ಸರಿಯೆನಿಸಿತು. ಪರೀಕ್ಷೆಯ ಫಲವನ್ನು ಗೋಪ್ಯವಾಗಿಡಬೇಕೆಂದು 2017ರ ಎಚ್.ಐ.ವಿ. ಕಾಯಿದೆಯೇ ವಿಧಿಸಿದೆ.

ಇವನಿಗೆ ಹದಿನೆಂಟು ತುಂಬಿತ್ತು. ತುಂಬದ ಮಕ್ಕಳ ಎಚ್.ಐ.ವಿ. ಪರೀಕ್ಷೆಗೆ ಪಾಲಕರ ಒಪ್ಪಿಗೆ ಬೇಕಾಗುತ್ತದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಹದಿನೆಂಟರ ಒಳಗಿನವರೆಲ್ಲ ಮಕ್ಕಳೇ. ಅವರೊಡನೆ ಯಾರೇ ಆಗಲಿ ಲೈಂಗಿಕ ಸಂಪರ್ಕ ಮಾಡಿದರೆ ಅದು ಅಪರಾಧ, ವಿಷಯ ಗೊತ್ತಾದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಇದಕ್ಕೆ ಹೆದರಿ ಮಗುವನ್ನು ದವಾಖಾನೆಗೆ ಒಯ್ಯದೆ ಇರುವುದು ಮಾತ್ರ ಸರ್ವಥಾ ಸಲ್ಲದು. ಮಗುವಿನ ಮೇಲೆ ಬಲಾತ್ಕಾರವಾಗಿದ್ದರಂತೂ ಗಂಟೆಗಳ ಲೆಕ್ಕವಿದೆ: ಎಚ್.ಐ.ವಿ. ತಗಲದಂತೆ ತಡೆಯುವ ಔಷಧವನ್ನು 72 ಗಂಟೆಯೊಳಗೆ, ಎಷ್ಟು ಬೇಗನೆ ಸಾಧ್ಯವೋ ಅಷ್ಟು ಬೇಗನೆ ಆರಂಭಿಸಬೇಕು.

ವೈದ್ಯರು ಕೊನೆಗೆ ಕೇಳಿದ ಮಾತು ನಮ್ಮನ್ನು ಇನ್ನೂ ಕಾಡುತ್ತದೆ. "ಅವಳಿಗೂ ಔಷಧ ಆಗಬೇಕು. ಹೆಂಗಸರಲ್ಲಿ ಈ ರೋಗ ಬಹಳ ಸಲ ಏನೂ ತೋರಿಸುವುದಿಲ್ಲ. ಒಳಗೊಳಗೇ ಗರ್ಭನಾಳ ಕೆಟ್ಟು ಮುಂದೆ ಮಕ್ಕಳಾಗದೆ ಹೋಗಬಹುದು. ಅವಳು ಬರುತ್ತಾಳೆಯೇ?" ಹುಡುಗ ಉತ್ತರಿಸಲಿಲ್ಲ. ವೈದ್ಯರು ಒತ್ತಾಯಿಸದೆ, ಅವಳಿಗೆ ಕೊಡಲು ಒಂದು ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಬಂದರೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲವೆಂದೂ, ಇಬ್ಬರದೂ ಔಷಧ ಮುಗಿದು ಏಳು ದಿನವಾಗುವವರೆಗೆ ಸಂಪರ್ಕ ಕೂಡದೆಂದೂ ಹೇಳಿದರು.

ಅಂದು ರಾತ್ರಿ ಕಾಕು ಅವನನ್ನು ಒಂದೇ ಪ್ರಶ್ನೆ ಕೇಳಿದರು: "ಆಕಿ ಮನಸಾರೆ ಒಪ್ಪಿದ್ದಳೇನೋ? ಖರೇ ಹೇಳು." ಒಪ್ಪಿದ್ದಳು, ತನ್ನ ವಯಸ್ಸಿನವಳೇ, ಒಬ್ಬರಿಗೊಬ್ಬರು ಬೇಕಾದವರು ಎಂದ. ಹೆಸರನ್ನು ನಾವು ಕೇಳಲಿಲ್ಲ. ನಾಲ್ಕು ದಿನ ಆ ಚೀಟಿ ಅವನ ಅಂಗಿಯ ಕಿಸೆಯಲ್ಲಿಯೇ ಇತ್ತು. ಒಗೆಯುವ ಮುನ್ನ ತೆಗೆದು ಮತ್ತೆ ಅವನ ದಿಂಬಿನ ಮೇಲಿಟ್ಟೆವು. ಐದನೆಯ ದಿನ ಉಣ್ಣುವಾಗ, ತಲೆಯೆತ್ತದೆ, "ಕೊಟ್ಟೆ ಕಾಕು" ಎಂದ. ಅವಳು ದವಾಖಾನೆಗೆ ಹೋದಳೋ ಇಲ್ಲವೋ ನಮಗೆ ತಿಳಿಯದು. ಹೋಗಿರಲಿ ಎಂದು ಹಾರೈಸುತ್ತೇವೆ. ಅವಳ ಮನೆಯಲ್ಲಿಯೂ ಹೊಸ್ತಿಲೊಳಗೊಂದು ಭಾಷೆ ಇದ್ದೀತು. ಆ ಭಾಷೆಯಲ್ಲಿ ಅವಳ ಭುಜದ ಮೇಲೆ ಕೈಯಿಟ್ಟು ಕೇಳುವವರು ಯಾರಾದರೂ ಇದ್ದಾರೆಯೆ?

ಈ ಮೌನಕ್ಕೆ ಬಹಳ ದೊಡ್ಡ ಇತಿಹಾಸವಿದೆ. ಹದಿನಾರನೆಯ ಶತಮಾನದ ಭಾವಮಿಶ್ರನೆಂಬ ವೈದ್ಯ ತನ್ನ ಗ್ರಂಥದಲ್ಲಿ ಸಿಫಿಲಿಸಿಗೆ 'ಫಿರಂಗ ರೋಗ'ವೆಂದು ಹೆಸರಿಟ್ಟ. ಫಿರಂಗಿಗಳು ತಂದದ್ದೆಂಬ ಅರ್ಥದಲ್ಲಿ. ಅತ್ತ ಯುರೋಪಿನಲ್ಲಿ ಇಟಲಿಯವರು ಅದನ್ನೇ ಫ್ರೆಂಚರ ರೋಗವೆಂದು ಕರೆದರು. ಪ್ರತಿಯೊಬ್ಬರಿಗೂ ಇದು ಆಚೆಯವರ ಬೇನೆ. ಗಡಿಯಲ್ಲಿ ಬಾಳುವ ನಮಗೆ ಈ ಚಪಲ ಇನ್ನಷ್ಟು ಹತ್ತಿರದ್ದು: ನಮ್ಮವರಲ್ಲಿ ಇಂಥದ್ದಿಲ್ಲ, ಇದ್ದರೆ ಅವರಲ್ಲಿ. ಆದರೆ ಸೂಕ್ಷ್ಮ ಜೀವಿಗೆ ಗಡಿಯಿಲ್ಲ, ಭಾಷೆಯಿಲ್ಲ, ಜಾತಿಯಂತೂ ಇಲ್ಲವೇ ಇಲ್ಲ.

ಮೌನವನ್ನು ಮುರಿದವರೂ ಉಂಟು. ಮಹರ್ಷಿ ಕರ್ವೆಯವರ ಮಗ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಸಂತತಿ ನಿಯಮನ ಕೇಂದ್ರ ತೆರೆದು, 1927ರಿಂದ 'ಸಮಾಜ ಸ್ವಾಸ್ಥ್ಯ'ವೆಂಬ ಮರಾಠಿ ಮಾಸಿಕವನ್ನು ಹೊರಡಿಸಿದರು. ಶರೀರದ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆದುದಕ್ಕಾಗಿ ನ್ಯಾಯಾಲಯಕ್ಕೆ ಎಳೆಯಲ್ಪಟ್ಟರು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡಕರರು. ದಂಡ ತೆತ್ತರೂ ಕರ್ವೆಯವರು 1953ರಲ್ಲಿ ಕಣ್ಣು ಮುಚ್ಚುವವರೆಗೆ ಪತ್ರಿಕೆಯನ್ನು ನಡೆಸಿದರು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು' ಎಷ್ಟು ಮದುವೆಗಳಲ್ಲಿ ಉಡುಗೊರೆಯಾಗಿ ಹೋಗಿಲ್ಲ! ನಮಗೂ ಬಂದಿತ್ತು. ಆದರೆ ಒಂದು ಮಾತು: ನಮ್ಮ ಸಮಾಜ ಕಿವಿಮಾತನ್ನು ಮದುವೆಯ ದಿನಕ್ಕೆ ಕಾದಿರಿಸಿತು, ಅದೂ ವಧುವಿಗೆ. ಹದಿನಾಲ್ಕರ ಹುಡುಗಿಗೆ, ಹದಿನಾರರ ಹುಡುಗನಿಗೆ ಯಾರ ಕಿವಿಮಾತು? 2007ರಲ್ಲಿ ಶಾಲೆಗಳಲ್ಲಿ ಈ ಶಿಕ್ಷಣದ ಮಾತು ಬಂದಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು ಬೇಡವೆಂದವು. ನದಿನೀರಿನಲ್ಲಿ, ಗಡಿಯಲ್ಲಿ ಎಂದೂ ಒಮ್ಮತಕ್ಕೆ ಬಾರದವರು ಇದರಲ್ಲಿ ಒಂದಾದರು. ಅಂದು ಆ ನಿರ್ಣಯಕ್ಕೆ ತಲೆದೂಗಿದವರಲ್ಲಿ ನಾವೂ ಇದ್ದೆವು.

ಇಷ್ಟೆಲ್ಲ ನಡೆಯುವಾಗ ನಮ್ಮ ಮನೆಯಲ್ಲಿ ಇನ್ನೊಂದು ಜೀವ ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಿತ್ತು. ನಮ್ಮ ಮೊಮ್ಮಗಳು, ಆಗ ಅವಳಿಗೆ ಹದಿನಾಲ್ಕು. ಒಂದು ದಿನ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಾಗ ನೆಟ್ಟಗೆ ಕೇಳಿದಳು: "ಅಜ್ಜಿ, ಅಣ್ಣಗ ಹೇಳಿದ್ದು ನನಗ ಯಾಕ ಹೇಳಂಗಿಲ್ಲ? ನನಗ ಬ್ಯಾನಿ ಬಂದ ಮ್ಯಾಲ ಹೇಳ್ತೀರೇನು?" ಉತ್ತರ ನಮ್ಮಲ್ಲಿರಲಿಲ್ಲ. ಅವಳ ತಂದೆತಾಯಿಗಳೊಡನೆ ಮಾತಾಡಿ, ಅಂದಿನಿಂದ ಹೇಳತೊಡಗಿದೆವು. ಒಂದೇ ದಿನ ಉಪನ್ಯಾಸ ಮಾಡಲಿಲ್ಲ. ಬಳ್ಳೊಳ್ಳಿ ಸುಲಿಯುವಾಗ, ಬಟ್ಟೆ ಮಡಿಚುವಾಗ, ಸ್ವಲ್ಪ ಸ್ವಲ್ಪವೇ, ಆ ನರ್ಸಮ್ಮನ ಭಾಷೆಯಲ್ಲಿ.

ಏನು ಹೇಳಿದೆವೆಂಬುದನ್ನು ಇಲ್ಲಿ ಬರೆದರೆ ಇತರ ಪಾಲಕರಿಗೂ ಉಪಯೋಗವಾದೀತು. ನಿನ್ನ ಮೈ ನಿನ್ನದು. ಮನಸ್ಸಿಲ್ಲದಾಗ ಬೇಡವೆನ್ನುವುದು ನಿನ್ನ ಹಕ್ಕು, ಎದುರಿನವರು ಬೇಡವೆಂದರೆ ಕೇಳುವುದು ನಿನ್ನ ಕರ್ತವ್ಯ ಎಂದೆವು. ಎಳೆಯ ವಯಸ್ಸಿನಲ್ಲಿ ದೂರವಿರುವುದೇ ಎಲ್ಲಕ್ಕಿಂತ ಭದ್ರವೆಂದೆವು. ಆದರೆ ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. ಮುಂದೆ ಎಂದಾದರೂ ಸಂಪರ್ಕದ ಪ್ರಸಂಗ ಬಂದರೆ ನಿರೋಧ್ ಎಂಬ ಸಾಧನವಿದೆ, ಪ್ರತಿಸಲ ಸರಿಯಾಗಿ ಬಳಸಿದರೆ ಎಚ್.ಐ.ವಿ., ಗೊನೊರಿಯಾಗಳಂಥ ರೋಗಗಳಿಂದ ಬಹುಮಟ್ಟಿಗೆ ರಕ್ಷಣೆ ಸಿಗುತ್ತದೆ, ಚರ್ಮದಿಂದ ಚರ್ಮಕ್ಕೆ ಹತ್ತುವ ಹರ್ಪಿಸ್‌ನಂಥವಕ್ಕೆ ರಕ್ಷಣೆ ಪೂರ್ತಿಯಲ್ಲ ಎಂದು ತಿಳಿಸಿದೆವು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಕೈಹಿಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ ಎಚ್.ಐ.ವಿ. ಬರುವುದಿಲ್ಲವೆಂದೂ, ಇಂದು ಅದಕ್ಕೆ ದಿನವೂ ಔಷಧ ತೆಗೆದುಕೊಂಡು ಸೋಂಕನ್ನು ಪರೀಕ್ಷೆಗೆ ಸಿಗದಷ್ಟು ತಗ್ಗಿಸಿಕೊಂಡವರು ಬಹುಕಾಲ ಬಾಳುತ್ತಾರೆ, ಸಂಗಾತಿಗೂ ಅದನ್ನು ದಾಟಿಸುವುದಿಲ್ಲವೆಂದೂ ಹೇಳಿದೆವು. ಇದನ್ನು ಹೇಳುವಾಗ 1998ರ ಆ ಎರಡು ಮುಖಗಳು ಕಣ್ಣ ಮುಂದೆ ಬಂದವು.

ಲಸಿಕೆಗಳನ್ನೂ ವಿಚಾರಿಸಿದೆವು. ಈ ದಾರಿಯಲ್ಲಿ ಬರುವ ರೋಗಗಳಲ್ಲಿ ಮುಖ್ಯವಾಗಿ ಎರಡಕ್ಕೆ ಲಸಿಕೆಯಿದೆ. ಒಂದು, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್-ಬಿ. ಇದು ಕೂಸುಗಳ ಲಸಿಕೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಬಂದದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಮಕ್ಕಳ ಕಾರ್ಡನ್ನು ಪಾಲಕರು ಒಮ್ಮೆ ತೆಗೆದು ನೋಡಬೇಕು. ಇನ್ನೊಂದು, ಎಚ್.ಪಿ.ವಿ. ಎಂಬ ಸೋಂಕಿನದು. ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೆ ಈ ಸೋಂಕೇ ಮೂಲ. 9ರಿಂದ 14ರ ವಯಸ್ಸು ಈ ಲಸಿಕೆಗೆ ಪ್ರಶಸ್ತವಾದದ್ದು. ಪುಣೆಯಲ್ಲಿ ತಯಾರಾದ ಸ್ವದೇಶಿ ಲಸಿಕೆ 2022ರಲ್ಲಿ ಬಂದಿತು. 2024ರ ಫೆಬ್ರುವರಿಯ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವೂ ಇದನ್ನು ಪ್ರೋತ್ಸಾಹಿಸುವುದಾಗಿ ಸಾರಿತು. ನಮ್ಮ ಹುಡುಗಿಗೆ ಆರು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿದೆವು. "ಇಷ್ಟು ಸಣ್ಣ ಹುಡಿಗಿಗೆ ಇಂಥ ಲಸಿಕಿ ಯಾಕ್ರಿ?" ಎಂದು ಬಳಗದವರು ಕೇಳಿದರು. ಕೊಡೆಯನ್ನು ಮಳೆಗೆ ಮೊದಲೇ ಕೊಳ್ಳಬೇಕಷ್ಟೆ.

ಮೂರು ತಿಂಗಳು ಬಹಳ ಉದ್ದವಾಗಿದ್ದವು. ದಸರೆ ಬಂತು, ದೀಪಾವಳಿ ಬಂತು. ಹುಡುಗ ನಕ್ಕರೂ ಅರ್ಧ ನಗುವನು. ಕರೆದೊಯ್ಯುವ ದಿನ ನಾವು ಹೊರಗೆ ಅದೇ ಬಾಕಿನ ಮೇಲೆ ಕುಳಿತಿದ್ದೆವು. ಒಳಗಿನಿಂದ ಬಂದವನು ಏನೂ ಹೇಳದೆ ನಮ್ಮಿಬ್ಬರ ನಡುವೆ ಕುಳಿತು, "ಕಾಕಾ, ಸೋಂಕು ಇಲ್ಲಂತ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಕಾಕು, ಮಜ್ಜಿಗಿ ಕುಡೀಬೇಕನಸ್ತದ" ಎಂದ. ಮೂವರೂ ನಕ್ಕೆವು, ಮೂವರ ಕಣ್ಣೂ ಒದ್ದೆಯಾದವು. ಈಗ ಅವನು ಒಂದು ಕಾರಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಈ ಬರಹವನ್ನು ಓದಿ, ಒಂದು ಕಡೆ ಮಾತ್ರ ತಿದ್ದಿದ: "ಸೀಸೆ ಸಿಕ್ಕದ್ದು ಒಂದಲ್ಲ, ಎರಡು."

ವಾಚಕ ಬಂಧುಗಳೇ, 10ರಿಂದ 19ರ ಮಕ್ಕಳಿಗಾಗಿ ಸರಕಾರ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿದೆ. ಅದರ ದವಾಖಾನೆಗಳಿಗೆ ಮಹಾರಾಷ್ಟ್ರದಲ್ಲಿ 'ಮೈತ್ರಿ'ಯೆಂದೂ ಗಡಿಯಾಚೆ ಕರ್ನಾಟಕದಲ್ಲಿ 'ಸ್ನೇಹ'ವೆಂದೂ ಹೆಸರು, ಅರ್ಥ ಒಂದೇ. 1097 ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೂ ಸಲಹೆ ಕೇಳಬಹುದು. ಮಕ್ಕಳ ಸಂಕಟಕ್ಕೆ 1098 ಇದೆ. ಈ ಅಂಕಿಗಳನ್ನು ಗ್ಯಾಸಿನವನ, ಹಾಲಿನವನ ಅಂಕಿಗಳ ಪಕ್ಕದಲ್ಲಿಯೇ ಗೋಡೆಯ ಮೇಲೆ ಬರೆದಿಡಿರಿ. ನಿಲ್ದಾಣದ ಗೋಡೆಗೆ ನಮ್ಮ ಮನೆಯ ಗೋಡೆಯೇ ಉತ್ತರ ಹೇಳಬೇಕು.

ಮನೆಮಾತನ್ನು ಉಳಿಸಬೇಕೆಂದು ನಾವು ಸಮ್ಮೇಳನ ಮಾಡುತ್ತೇವೆ, ಕನ್ನಡ ಶಾಲೆಗಾಗಿ ಅರ್ಜಿ ಬರೆಯುತ್ತೇವೆ. ಅವೆಲ್ಲ ಆಗಲೇಬೇಕು. ಆದರೆ ಸಂಕಟ ಬಂದಾಗ ಮಗು ಯಾವ ಭಾಷೆಯಲ್ಲಿ ಬಾಯಿ ಬಿಡಬಲ್ಲದೋ ಅದೇ ಅದರ ಮನೆಮಾತು. ಹಬ್ಬಕ್ಕಷ್ಟೇ ಮೀಸಲಾದ ಭಾಷೆ ಪೆಟ್ಟಿಗೆಯೊಳಗಿನ ಪೀತಾಂಬರದಂತೆ. ಚಳಿಗೆ ಬೇಕಾದದ್ದು ಕೌದಿ. "ಒಂದಕ್ಕ ಹೋದಾಗ ಉರೀತದೇನೋ ತಮ್ಮಾ?" ನಮ್ಮ ಕಿವಿಗೆ ಅಂದು ಬಿದ್ದ ಅತ್ಯಂತ ಮಧುರವಾದ ಕನ್ನಡ ಅದು.